ಎಂಟು ಕಿಲೋದ ರೆಕ್ಕೆ

ಬಿಸಿಲಿಗೆ ಕಾದ ರಬ್ಬರಿನ ವಾಸನೆಯೂ ಮಕ್ಕಳ ಪೌಡರಿನ ವಾಸನೆಯೂ ಒಟ್ಟಿಗೆ ಬಂದರೆ ನನಗೆ ಈಗಲೂ ಆರೇ ವರ್ಷ. ಅಪ್ಪ ಬಂಡಾಬರ್ಗ್‌ನಲ್ಲಿ ಕಬ್ಬಿನ ಲಾರಿ ಓಡಿಸುತ್ತಿದ್ದರು. ಸವೆದ ಟೈರಿನ ಟ್ಯೂಬುಗಳನ್ನು ಎಸೆಯದೆ, ಅಂಟಿಕೊಳ್ಳದಿರಲಿ ಎಂದು ಪೌಡರು ಸವರಿ ಶೆಡ್ಡಿನ ಮೊಳೆಗಳಿಗೆ ನೇತುಹಾಕುತ್ತಿದ್ದರು. ಭಾನುವಾರ ಅವುಗಳಲ್ಲೊಂದು ನನ್ನ ಜೊತೆ ಬರ್ನೆಟ್ ನದಿಗೆ ಬರುತ್ತಿತ್ತು. ನನಗೆ ಟ್ಯೂಬು ಟಣ್ಣೆನ್ನುವಷ್ಟು ಊದಿಕೊಂಡಿರಬೇಕು. ಅಪ್ಪ ಮಾತ್ರ ನನ್ನನ್ನು ನೀರಿಗೆ ಬಿಟ್ಟ ಮೇಲೆ ವಾಲ್ವನ್ನು ಹೆಬ್ಬೆರಳಲ್ಲಿ ಒತ್ತಿ, ನನ್ನ ಗದ್ದ ನೀರಿಗೆ ತಾಗುವ ತನಕ ಗಾಳಿ ಬಿಡುತ್ತಿದ್ದರು.

"ಜಾಸ್ತಿ ಊದಿದ್ರೆ ಅದು ನಿನ್ನ ಎಳ್ಕೊಂಡು ಹೋಗುತ್ತೆ, ಐಲ್ಸಾ. ಸಾಕಾಗೋಷ್ಟಿದ್ರೆ ನೀನು ಅದನ್ನ ಕರ್ಕೊಂಡು ಹೋಗ್ತೀಯ."

ಅರವತ್ತಮೂರು ವರ್ಷಗಳ ನಂತರ ಅದೇ ವಾಸನೆ ಮನೋಲಿಯ ಅಂಗಡಿಯಲ್ಲಿ, ಬಿಚ್ಚಿದ ಒಂದು ಪೊಟ್ಟಣದಿಂದ ಹೊರಗೆ ಬಂತು.

ಮನೋಲಿ ನನ್ನ ಹಳೆಯ ವಿದ್ಯಾರ್ಥಿ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವಳು. ಅವನು ಕೊನೆಯ ಬೆಂಚಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದವನು. ಈಗ ತಲೆ ನರೆತಿದೆ, ಬಂದರಿನ ದಾರಿಯಲ್ಲಿ ಡೈವಿಂಗ್ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದಾನೆ. ನನ್ನನ್ನು ಇನ್ನೂ "ಮಿಸ್" ಎಂದೇ ಕರೆಯುತ್ತಾನೆ.

ನಾನು ಅವನಲ್ಲಿಗೆ ಹೋಗಲು ಎರಡು ಕಾರಣಗಳಿದ್ದವು. ಇಪ್ಪತ್ತೆಂಟು ವರ್ಷಗಳಿಂದ ನಾವು ಆರು ಮಂದಿಯ ತಂಡವಾಗಿ ಪ್ರತಿ ಸೆಪ್ಟೆಂಬರಿನಲ್ಲಿ ಪೆಟ್ರೆಲ್ ದ್ವೀಪಕ್ಕೆ ಹೋಗಿ, ಅಲ್ಲಿನ ಹವಳದ ದಿಬ್ಬದ ಒಂದು ಪಟ್ಟಿಯಲ್ಲಿ ದೈತ್ಯ ಕಪ್ಪೆಚಿಪ್ಪುಗಳನ್ನು ಎಣಿಸುತ್ತೇವೆ. ಎಲ್ಲ ವರ್ಷವೂ ನೀರಿಗಿಳಿದವಳು ನಾನೊಬ್ಬಳೇ. ಒಂದೊಂದು ಚಿಪ್ಪೂ ನನಗೆ ಗೊತ್ತು. ಅಂಚಿನ ಬಣ್ಣ ನೋಡಿ ನನ್ನ ಜೊತೆ ಕೆಲಸ ಮಾಡಿದ ಮೇಷ್ಟರುಗಳ ಹೆಸರನ್ನೆಲ್ಲ ಅವಕ್ಕೆ ಇಟ್ಟುಬಿಟ್ಟಿದ್ದೇನೆ. ಈ ವರ್ಷ ನಮ್ಮನ್ನು ಒಯ್ಯುತ್ತಿದ್ದ ಹಡಗು ನಿಂತುಹೋಗಿತ್ತು. ಇನ್ನು ಹೋಗುವುದು ಪುಟ್ಟ ವಿಮಾನದಲ್ಲಿ, ತಲೆಗೆ ಹತ್ತು ಕಿಲೋ ಸಾಮಾನು. ನನ್ನ ಹಳೆಯ ಡೈವಿಂಗ್ ಜಾಕೆಟ್ಟೇ ಐದು ಕಿಲೋ ತೂಗುತ್ತಿತ್ತು.

ಎರಡನೆಯದು ಹೇಳಲು ನಾಚಿಕೆಯ ಕಾರಣ. ಹಿಂದಿನ ವರ್ಷ ಆ ಜಾಕೆಟ್ಟಿನೊಳಗೆ ಗಾಳಿ ಭುಜದಿಂದ ಭುಜಕ್ಕೆ ಹೊರಳಿ ನಾನು ವಾಲಿದ್ದೆ, ನನ್ನ ಕಾಲು ತಾಗಿ ಕೈಬೆರಳಿನಷ್ಟು ಹವಳ ಮುರಿದಿತ್ತು. ತಂಡದ ಮುಖ್ಯಸ್ಥೆ ಬ್ರಿಯೋನಿ ಅದನ್ನು ನೋಡಿದ್ದಳು. ಮೂವತ್ತೆರಡರ ಹುಡುಗಿ. ಯಾರಿಗೂ ಹೇಳಲಿಲ್ಲ. ಏಪ್ರಿಲ್‌ನಲ್ಲಿ ಎಲ್ಲರಿಗೂ ಒಂದೇ ಥರದ ಕಾಗದ ಬಂತು: ಈ ಸಲ ಎಣಿಕೆಗೆ ಮೊದಲು ಪ್ರತಿಯೊಬ್ಬರೂ ಒಂದು ಪರೀಕ್ಷೆ ಮಾಡಬೇಕು. ಡೈವ್‌ನ ಕೊನೆಯಲ್ಲಿ ಐದು ಮೀಟರ್ ಆಳದಲ್ಲಿ, ಕೈ ಕಟ್ಟಿಕೊಂಡು, ಏನನ್ನೂ ಮುಟ್ಟದೆ, ಮೂರು ನಿಮಿಷ ನಿಶ್ಚಲವಾಗಿ ನಿಲ್ಲಬೇಕು. ಆಗದವರು ದೋಣಿಯಲ್ಲಿ ಕೂತು ಎಣಿಕೆಯ ಪಟ್ಟಿ ಬರೆಯಬಹುದು. ಕಾಗದ ಆರು ಜನಕ್ಕೂ ಬಂದಿತ್ತು, ಆದರೆ ಅದನ್ನು ಯಾರಿಗಾಗಿ ಬರೆದದ್ದೆಂದು ನನಗೆ ಗೊತ್ತಾಯಿತು. ನನ್ನೊಬ್ಬಳಿಗೇ ಕಳಿಸದೆ ಎಲ್ಲರಿಗೂ ಕಳಿಸಿದ್ದು ಅವಳ ಒಳ್ಳೆಯತನ ಎಂಬುದೂ ಗೊತ್ತಾಯಿತು.

ಅಂದರೆ ಈ ವರ್ಷ ನಾನು ನೀರಿನೊಳಗಿರಬೇಕಾದರೆ ಹಗುರವಾಗಬೇಕಿತ್ತು, ಅಲ್ಲಾಡದೆ ನಿಲ್ಲುವುದನ್ನೂ ಮತ್ತೆ ಕಲಿಯಬೇಕಿತ್ತು.

ಮನೋಲಿ ಮೇಜಿನ ಮೇಲೆ ಮೂರು ರೆಕ್ಕೆಗಳನ್ನು ಸಾಲಾಗಿ ಹರಡಿದ. ನಾವು ಅವನ್ನು ರೆಕ್ಕೆ ಎನ್ನುತ್ತೇವೆ, ಆದರೆ ನೋಡಲು ಲಾಳದ ಹಾಗಿರುವ ಗಾಳಿಚೀಲ ಅಷ್ಟೆ. ಬೆನ್ನಿಗೂ ಸಿಲಿಂಡರಿಗೂ ನಡುವೆ ಕೂರುತ್ತದೆ. ಗಾಳಿ ತುಂಬಿದರೆ ಏರಿಸುತ್ತದೆ, ಬಿಟ್ಟರೆ ಇಳಿಸುತ್ತದೆ.

"ಇದು ಇಪ್ಪತ್ತು ಕಿಲೋ ಎತ್ತುತ್ತೆ. ಇದು ಹದಿನಾಲ್ಕು. ಇದು ಎಂಟು," ಎಂದ. ಎಂಟರದ್ದು ಮಡಚಿದರೆ ಒಂದು ಪುಸ್ತಕದಷ್ಟಾಗುತ್ತಿತ್ತು. ನಾನು ಅದರ ಕೊಳವೆಗೆ ಮೂಗಿಟ್ಟೆ. ಅಪ್ಪನ ಶೆಡ್ಡು.

"ಮಿಸ್, ಅದನ್ನ ಮೂಸಿ ನೋಡಿ ತಗೊಳ್ಳೋ ಗಿರಾಕಿ ನೀವೇ ಮೊದಲು."

"ಕಲ್ಲಂಗಡಿನ ತಟ್ಟಿ ನೋಡ್ತಾರಲ್ಲ, ಹಾಗೇ ಅಂದ್ಕೊ. ಜನ ಯಾವುದನ್ನ ಹೆಚ್ಚಾಗಿ ತಗೊಳ್ತಾರೆ?"

"ಇಪ್ಪತ್ತು. ಎಲ್ರಿಗೂ ಭಯ. ಮೊದಲು ಬೇಕಿಲ್ಲದೇ ಇರೋಷ್ಟು ಸೀಸ ಸೊಂಟಕ್ಕೆ ಕಟ್ಕೋತಾರೆ, ಆಮೇಲೆ ಆ ಸೀಸ ಎತ್ತೋಕೆ ದೊಡ್ಡ ರೆಕ್ಕೆ ಕೇಳ್ತಾರೆ. ನೀವು ಎಷ್ಟು ಸೀಸ ಕಟ್ತೀರ?"

"ಒಂಬತ್ತು ಕಿಲೋ."

ಅವನು ಅಂಗಡಿಯ ಬಾಗಿಲಿಗೆ 'ಅರ್ಧ ಗಂಟೆಯಲ್ಲಿ ಬರುತ್ತೇನೆ' ಎಂಬ ಹಲಗೆ ತಗುಲಿಸಿ, ನನ್ನನ್ನು ಹಿತ್ತಲಿನ ಕೊಳಕ್ಕೆ ಕರೆದುಕೊಂಡು ಹೋದ. ಆ ಅರ್ಧ ಗಂಟೆ ಎರಡು ಗಂಟೆಯಾಯಿತು.

ಪದ್ಧತಿ ಸುಲಭ. ಸಿಲಿಂಡರಿನಲ್ಲಿ ಗಾಳಿ ಬಹುಪಾಲು ಮುಗಿದಿರಬೇಕು, ರೆಕ್ಕೆ ಪೂರ್ತಿ ಖಾಲಿ ಇರಬೇಕು. ಹಾಗೆ ನೀರಿನಲ್ಲಿ ನೆಟ್ಟಗೆ ನಿಂತರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ಅದಕ್ಕಿಂತ ಮುಳುಗಿದರೆ ಸೀಸ ತೆಗೆಯಬೇಕು, ತೇಲಿದರೆ ಸೇರಿಸಬೇಕು. ಮನೋಲಿ ಒಂದೊಂದೇ ತುಂಡು ತೆಗೆಯುತ್ತಾ ಹೋದ. ಒಂಬತ್ತು ಏಳಾಯಿತು, ಏಳು ನಾಲ್ಕಾಯಿತು, ಕೊನೆಗೆ ಎರಡೇ ಉಳಿಯಿತು. ನನ್ನ ಕಣ್ಣ ಮುಂದೆ ನೀರಿನ ಗೆರೆ ಬಂದು ನಿಂತಿತು.

"ಹಳೇ ಜಾಕೆಟ್ಟಿನ ಸ್ಪಂಜು, ಪಟ್ಟಿ, ಜೇಬು, ಎಲ್ಲಾ ತೇಲ್ತಿತ್ತು. ಅದನ್ನ ಮುಳುಗ್ಸೋಕೆ ಸೀಸ ಹೊರ್ತಿದ್ರಿ. ಆ ಸೀಸ ಎತ್ತೋಕೆ ಜಾಕೆಟ್ಟಿಗೆ ಗಾಳಿ ತುಂಬ್ತಿದ್ರಿ. ಆ ಗಾಳಿ ಒಳಗೆ ಹೊರಳಾಡ್ತಿತ್ತು," ಎಂದ. "ನಮ್ಮಜ್ಜ ಗ್ರೀಸ್‌ನಲ್ಲಿ ಸ್ಪಂಜು ಕೀಳೋಕೆ ಒಂದು ಚಪ್ಪಟೆ ಕಲ್ಲು ಹಿಡ್ಕೊಂಡು ಇಳೀತಿದ್ರಂತೆ. ಎಲ್ಲರ ಕಲ್ಲೂ ಒಂದೇ ಅಲ್ಲ. ಅವರವರ ಮೈಗೆ ಅವರವರ ಕಲ್ಲು. ಬೇರೆಯವರ ಕಲ್ಲು ಮುಟ್ಟಿದ್ರೆ ಜಗಳ."

"ಇದು ಸಿಹಿನೀರು. ಸಮುದ್ರದ ಉಪ್ಪಿಗೆ ಇನ್ನೆರಡು ಕಿಲೋ ಬೇಕು," ಎಂದೆ.

"ನೋಡಿ, ಅದಕ್ಕೇ ನೀವು ಮಿಸ್, ನಾನು ಅಂಗಡಿಯವನು."

ಒಟ್ಟು ನಾಲ್ಕು ಕಿಲೋ. ನನಗೆ ಹೆಮ್ಮೆಯಾಗಿತ್ತು. ಕೊಳದ ಅಂಚಿನಲ್ಲಿ ಕೂತು ಲೆಕ್ಕ ಹಾಕಿದೆವು: ತುಂಬಿದ ಸಿಲಿಂಡರಿನೊಳಗಿನ ಗಾಳಿಯೇ ಎರಡೂವರೆ ಕಿಲೋ ತೂಗುತ್ತದೆ. ಆಳದಲ್ಲಿ ರಬ್ಬರಿನ ಸೂಟು ಹಿಂಡಿಕೊಂಡು ತನ್ನ ತೇಲುವ ಗುಣದಲ್ಲಿ ಇನ್ನೆರಡೂವರೆ ಕಳೆದುಕೊಳ್ಳುತ್ತದೆ. ರೆಕ್ಕೆ ಎತ್ತಬೇಕಾದದ್ದು ಆ ಐದನ್ನು. ಎಂಟರಲ್ಲಿ ಮೂರು ಮಿಗುತ್ತದೆ. ನಾನು ಚಿಕ್ಕದನ್ನು ಆರಿಸಿದೆ. ಬೆನ್ನಿಗೆ ಲೋಹದ ತಗಡಿನ ಬದಲು ಗಟ್ಟಿ ಬಟ್ಟೆಯದೊಂದು ಹಾಸು. ಎರಡೂ ಸೇರಿ ಎರಡು ಕಿಲೋ ಆಗಲಿಲ್ಲ. ಮನೋಲಿ ಎಲ್ಲವನ್ನೂ ಮಡಚಿ ಚೀಲಕ್ಕೆ ತುಂಬಿ, ಮೇಲೆ ನನ್ನ ಸೂಟು, ಮುಖವಾಡ, ಉಸಿರಿನ ಕೊಳವೆ ಇಟ್ಟು ತಕ್ಕಡಿಗೆ ನೇತುಹಾಕಿದ. ಸೀಸ ದ್ವೀಪದಲ್ಲೇ ಸಿಗುತ್ತಿತ್ತು. ಒಂಬತ್ತು ಕಿಲೋ ಒಂಬೈನೂರು ಗ್ರಾಂ.

ವಿಮಾನ ನಿಲ್ದಾಣದಲ್ಲಿ ಡಾರ್ಸಿ ಕಾಯುತ್ತಿದ್ದ. ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ಇಪ್ಪತ್ತು ವರ್ಷಗಳಿಂದ ನೀರಿನೊಳಗೆ ನನ್ನ ಜೊತೆಗಾರ. ನನ್ನ ಚೀಲ ನೋಡಿ ಕಣ್ಣು ಕಿರಿದು ಮಾಡಿದ.

"ಏನೇ ಮುದುಕಿ, ಊಟದ ಡಬ್ಬಿ ತಂದಿದೀಯಾ? ಡೈವಿಂಗ್ ಸಾಮಾನೆಲ್ಲಿ?"

"ಅದರೊಳಗೇ ಇದೆ ಕಣೋ."

ರೆಕ್ಕೆ ತೆಗೆದು ತೋರಿಸಿದೆ. ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. "ಇದು ನನ್ನ ಮೊಮ್ಮಗಳ ಎದೆಬಟ್ಟೆ. ಅನ್ನ ಚೆಲ್ಲದೇ ಇರ್ಲಿ ಅಂತ ಕಟ್ತಾರಲ್ಲ, ಅದು."

ಪೈಲಟ್ ಚೀಲಗಳನ್ನೂ ತೂಗಿದಳು, ನಮ್ಮನ್ನೂ ತೂಗಿದಳು. ಡಾರ್ಸಿಯ ತೂಕವನ್ನು ಮಾತ್ರ ಬಾಯಿಬಿಟ್ಟು ಹೇಳದೆ ಕಾಗದದಲ್ಲಿ ಬರೆದುಕೊಂಡಳು. ಅದನ್ನು ನಾನು ಗಮನಿಸಿದೆ.

ದ್ವೀಪದಲ್ಲಿ ಏನೂ ಬದಲಾಗಿರಲಿಲ್ಲ. ಅದೇ ತಗಡಿನ ಮಾಡು, ಅದೇ ಆರು ಮಂಚ, ಅಡುಗೆಮನೆಯ ಬಾಗಿಲಲ್ಲಿ ಅದೇ ಪದ್ಧತಿ: ಆ ದಿನ ನೀರಿನಿಂದ ಕೊನೆಗೆ ಎದ್ದವರಿಗೆ ಮೊದಲ ತಟ್ಟೆ. ಬೇಗ ಎದ್ದವರು ಕಾಯಬೇಕು. ಇಪ್ಪತ್ತೇಳು ವರ್ಷ ಆ ಮೊದಲ ತಟ್ಟೆಯನ್ನು ನಾನು ಬಹಳ ಸಲ ತಿಂದಿದ್ದೆ. ಹವಳ ಮುರಿದ ವರ್ಷ ಒಂದು ದಿನವೂ ತಿನ್ನಲಿಲ್ಲ.

ಮಾರನೆಯ ದಿನ ಪರೀಕ್ಷೆ. ಹದಿನೈದು ಮೀಟರ್ ಆಳದಲ್ಲಿ ರೆಕ್ಕೆ ಹೇಳಿದ ಮಾತು ಕೇಳಿತು. ಗಾಳಿಯ ಒಂದು ಸಣ್ಣ ಒತ್ತು ಕೊಟ್ಟರೆ ಸಾಕು, ನಿಂತಲ್ಲೇ ನಿಲ್ಲುತ್ತಿದ್ದೆ. ಬೆನ್ನ ಮೇಲೆ ಏನೂ ಇಲ್ಲದ ಹಾಗೆ. ಮೇಷ್ಟರುಗಳನ್ನೆಲ್ಲ ದೂರದಿಂದ ಮಾತಾಡಿಸಿಕೊಂಡು ಬಂದೆ. ನಲವತ್ತೈದು ನಿಮಿಷವಾದ ಮೇಲೆ ಐದು ಮೀಟರಿಗೆ ಏರಿ, ಕೈ ಕಟ್ಟಿ ನಿಂತೆ. ಎದುರಿಗೆ ಬ್ರಿಯೋನಿ ಗಡಿಯಾರ ನೋಡುತ್ತಿದ್ದಳು.

ನಲವತ್ತು ಸೆಕೆಂಡು ಚೆನ್ನಾಗಿತ್ತು. ಆಮೇಲೆ ಅವಳ ಮುಖ ನನ್ನ ಕಾಲಿನ ಮಟ್ಟಕ್ಕೆ ಇಳಿಯಿತು. ಇಳಿದದ್ದು ಅವಳಲ್ಲ, ನಾನೇ ಏರುತ್ತಿದ್ದೆ. ರೆಕ್ಕೆಯ ಗಾಳಿ ಬಿಡಲು ದಾರ ಎಳೆದೆ. ಬಿಡಲು ಅದರಲ್ಲಿ ಏನೂ ಉಳಿದಿರಲಿಲ್ಲ. ಎದೆಯಲ್ಲಿದ್ದ ಉಸಿರನ್ನೆಲ್ಲ ಹೊರಗೆ ಹಾಕಿದೆ. ಆದರೂ ಏರಿದೆ. ದೋಣಿಯ ಪಕ್ಕದಲ್ಲಿ ನನ್ನ ತಲೆ ಬೆಂಡಿನ ಹಾಗೆ ಮೇಲೆ ಬಂತು. ಡಾರ್ಸಿ ತನ್ನ ಸರದಿಗೆ ಕಾಯುತ್ತಾ ಅಲ್ಲಿ ಸೇಬು ತಿನ್ನುತ್ತಿದ್ದ.

"ಏನೇ, ನಿನ್ನ ಬಸ್ಸು ಇಷ್ಟು ಬೇಗ ಬಂತಾ?" ಎಂದವನು, ನನ್ನ ಮುಖ ನೋಡಿ ಸೇಬನ್ನು ಕೆಳಗಿಟ್ಟು ಕೈ ಕೊಟ್ಟ.

ಬ್ರಿಯೋನಿ ಗದರಲಿಲ್ಲ. ನನ್ನನ್ನು ನೆರಳಲ್ಲಿ ಕೂರಿಸಿ, ಬಿಸಿ ಚಹಾ ಕೊಟ್ಟು, ಬೇಗ ಮೇಲೇರಿದ್ದರಿಂದ ಕೈಕಾಲಿನಲ್ಲಿ ಏನಾದರೂ ನೋವಿದೆಯಾ ಎಂದು ಎರಡೆರಡು ಸಲ ಕೇಳಿದಳು. ಇಲ್ಲ ಎಂದೆ. ಖಾಲಿ ಲೋಟ ತೆಗೆದುಕೊಂಡು ಅವಳು ನನ್ನ ಪಕ್ಕದಲ್ಲಿ ಕೂತಳು.

"ಐಲ್ಸಾ, ನಾಳೆ ಬೆಳಿಗ್ಗೆ ಇನ್ನೊಂದು ಸಲ ನೋಡೋಣ. ಆಗ್ಲೂ ಆಗ್ಲಿಲ್ಲ ಅಂದ್ರೆ ನೀವು ದೋಣೀಲಿ ಪಟ್ಟಿ ಬರೀಬೇಕಾಗುತ್ತೆ. ನಿಮ್ಮಷ್ಟು ಚೆನ್ನಾಗಿ ಬರೆಯೋರು ನಮ್ಮಲ್ಲಿ ಯಾರೂ ಇಲ್ಲ."

"ಇಪ್ಪತ್ತೆಂಟು ವರ್ಷ ನೀರಿನೊಳಗೇ ಬರ್ದಿದೀನಿ, ಬ್ರಿಯೋನಿ."

"ಗೊತ್ತು. ಅದಕ್ಕೇ ಇದನ್ನ ಹೇಳೋಕೆ ನಂಗೆ ಬಾಯಿ ಬರ್ತಿಲ್ಲ."

ಅಂದು ಮಧ್ಯಾಹ್ನ ಎಲ್ಲರಿಗಿಂತ ಮೊದಲು ನೀರಿನಿಂದ ಎದ್ದವಳು ನಾನು. ಕೊನೆಯ ತಟ್ಟೆ ನನ್ನದಾಯಿತು. ಆಲೂಗಡ್ಡೆ ತಣ್ಣಗಾಗಿತ್ತು. ನನಗೂ ಹಸಿವಿರಲಿಲ್ಲ. ಇನ್ನೊಬ್ಬರ ಕೈಯಲ್ಲಿ ಪೆನ್ಸಿಲ್ಲು ಕೊಟ್ಟು ಕಳಿಸಿದರೆ ಅವರಿಗೆ ಹಳೆಯ ಹೆಡ್‌ಮಾಸ್ಟರ್ ಯಾವುದು, ಸಂಗೀತದ ಟೀಚರ್ ಯಾವುದು ಎಂದು ಹೇಗೆ ಗೊತ್ತಾಗಬೇಕು ಎಂದು ಯೋಚಿಸುತ್ತಾ ಹೊರಗಿನ ಮೆಟ್ಟಿಲ ಮೇಲೆ ಕೂತೆ.

ಅಂಗಳದಲ್ಲಿ ದೊಡ್ಡ ತೊಟ್ಟಿಯಿತ್ತು. ತಂಡದ ಇಬ್ಬರು ಅದರಲ್ಲಿ ಉಪಯೋಗಿಸಿದ ಸಿಲಿಂಡರುಗಳನ್ನು ತೊಳೆಯುತ್ತಿದ್ದರು. ನನ್ನ ಸಿಲಿಂಡರನ್ನೂ ನೀರಿಗೆ ಹಾಕಿದರು. ಅದು ಒಮ್ಮೆ ಮುಳುಗಿ, ತಿರುಗಿ, ತನ್ನ ತಳವನ್ನು ನೀರಿನ ಮೇಲೆ ಎತ್ತಿ ಸೀಲ್ ಎಂಬ ಕಡಲ ಪ್ರಾಣಿಯ ಮೂತಿಯ ಹಾಗೆ ಅಲ್ಲಾಡುತ್ತಾ ತೇಲಿತು.

ನಾನು ಎದ್ದು ನಿಂತೆ. ನನ್ನ ಜೀವಮಾನದಲ್ಲಿ ನನ್ನ ಸಿಲಿಂಡರ್ ತೇಲಿದ್ದನ್ನು ನಾನು ನೋಡಿರಲಿಲ್ಲ.

ಇಪ್ಪತ್ತೆಂಟು ವರ್ಷ ನಾವು ಹಡಗಿನಲ್ಲಿ ನಮ್ಮವೇ ಉಕ್ಕಿನ ಸಿಲಿಂಡರುಗಳನ್ನು ತರುತ್ತಿದ್ದೆವು. ಮನೋಲಿಯ ಕೊಳದಲ್ಲಿ ನಾನು ಹೊತ್ತದ್ದೂ ಉಕ್ಕಿನದೇ. ಉಕ್ಕಿನದು ಖಾಲಿಯಾದರೂ ಮುಳುಗಿಯೇ ಇರುತ್ತದೆ. ವಿಮಾನದಲ್ಲಿ ಸಿಲಿಂಡರ್ ತರುವಂತಿಲ್ಲವೆಂದು ಈ ಸಲ ಎಲ್ಲರೂ ದ್ವೀಪದಲ್ಲಿದ್ದುದನ್ನೇ ಬಳಸಿದೆವು. ಅವು ಅಲ್ಯೂಮಿನಿಯಂನವು. ಅಲ್ಯೂಮಿನಿಯಂನದು ಗಾಳಿ ಮುಗಿಯುತ್ತ ಬಂದ ಹಾಗೆ ತೇಲಲು ಶುರುಮಾಡುತ್ತದೆ. ಮೀನಿನ ಗಾಳಿಚೀಲದ ಪಾಠದಲ್ಲಿ ಮಕ್ಕಳಿಗೆ ತೇಲುವ ಲೆಕ್ಕವನ್ನು ಎಷ್ಟು ಸಲ ಹೇಳಿದ್ದೇನೋ. ನೀರಿನ ಉಪ್ಪನ್ನು ನೆನಪಿಟ್ಟುಕೊಂಡವಳು ಬೆನ್ನ ಮೇಲಿದ್ದ ಲೋಹವನ್ನು ಮರೆತಿದ್ದೆ.

ಅಂದರೆ ಅಲ್ಲಾಡಿದ್ದು ನನ್ನ ವಯಸ್ಸಲ್ಲ. ಎರಡು ಕಿಲೋ ಕಡಿಮೆಯಿತ್ತು, ಅಷ್ಟೆ.

ಡಾರ್ಸಿಗೆ ಹೇಳಿದೆ. ಅವನು ಶೆಡ್ಡಿಗೆ ಹೋಗಿ ಧೂಳು ತುಂಬಿದ ಒಂದು ಮೂಟೆಯನ್ನು ಎಳೆದುಕೊಂಡು ಬಂದ. ಅವನ ಹಳೆಯ ರೆಕ್ಕೆ. ಇಪ್ಪತ್ತು ಕಿಲೋ ಎತ್ತುವಂಥದ್ದು, ಆರು ವರ್ಷದ ಹಿಂದೆ ಇಲ್ಲೇ ಬಿಟ್ಟು ಹೋಗಿದ್ದ.

"ಇದನ್ನ ಹಾಕ್ಕೊ. ನಾಲ್ಕು ಕಿಲೋ ಸೀಸ ಇದ್ದದ್ದು ಆರಾಯ್ತು ಅಂದ್ರೆ ನಿನ್ನ ಎದೆಬಟ್ಟೆ ಎಲ್ಲಿ ಎತ್ತುತ್ತೆ? ನಾಳೆ ಒಂದೇ ಅವಕಾಶ ಇರೋದು ಮಾರಾಯ್ತಿ. ಹಠ ಮಾಡ್ಬೇಡ."

ಅವನ ಮಾತಿನಲ್ಲಿ ಕಾಳಜಿಯಿತ್ತು, ಅದು ನನ್ನನ್ನು ಒಂದು ಕ್ಷಣ ಅಲ್ಲಾಡಿಸಿತು. ದೊಡ್ಡದನ್ನು ಹಾಕಿಕೊಂಡರೆ ಏನು ತಪ್ಪಾದರೂ ಎತ್ತುತ್ತದೆ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿದೆ. ಅಷ್ಟಗಲ ಬಟ್ಟೆ, ಒಳಗೆ ಗಾಳಿ ಇಲ್ಲಿಂದ ಅಲ್ಲಿಗೆ ಓಡಾಡಲು ಅಷ್ಟು ಜಾಗ. ನನ್ನ ಹಳೆಯ ಜಾಕೆಟ್ಟಿನ ಅಣ್ಣ. ನಾನು ಉಬ್ಬರವಿಳಿತದ ವೇಳಾಪಟ್ಟಿಯ ಹಿಂಬದಿಯಲ್ಲಿ ಮತ್ತೆ ಲೆಕ್ಕ ಬರೆದೆ. ಎರಡು ಸಲ ಬರೆದೆ. ಆಮೇಲೆ ಅವನ ರೆಕ್ಕೆಯನ್ನು ಮಡಚಿ ವಾಪಸು ಕೊಟ್ಟೆ.

"ಡಾರ್ಸಿ, ಇಲ್ಲಿ ಕೂತ್ಕೊ. ಉಕ್ಕಿನ ಸಿಲಿಂಡರ್ ತಾನೇ ಎರಡು ಕಿಲೋ ಸೀಸದ ಕೆಲಸ ಮಾಡ್ತಿತ್ತು. ಈಗ ಅದಿಲ್ಲ. ಅದರ ಜಾಗಕ್ಕೆ ಸೀಸ ಬರುತ್ತೆ. ಅಲ್ಲಿ ಹೋದದ್ದು ಇಲ್ಲಿ ಬಂತು. ಒಟ್ಟು ಭಾರ ಎಷ್ಟಿತ್ತೋ ಅಷ್ಟೇ. ರೆಕ್ಕೆ ಎತ್ತಬೇಕಾದದ್ದು ಆಗ್ಲೂ ಐದು, ಈಗ್ಲೂ ಐದು."

ಅವನು ಕಾಗದದ ಲೆಕ್ಕವನ್ನು ಬೆರಳಿಟ್ಟು ಓದಿದ. "ಹಾಗಾದ್ರೆ ನಾನ್ಯಾಕೆ ತೇಲ್ಲಿಲ್ಲ? ನನ್ನ ಸಿಲಿಂಡರೂ ಅದೇ ಅಲ್ವಾ?"

"ನೀನು ಇಪ್ಪತ್ತು ವರ್ಷದಿಂದ ಎರಡು ಕಿಲೋ ಜಾಸ್ತಿ ಹೊರ್ತಾ ಇದೀಯ. ಮೊದಲ ವರ್ಷ ಇರ್ಲಿ ಅಂತ ಕಟ್ಕೊಂಡಿದ್ದೆ. ಆಮೇಲೆ ಬಿಚ್ಚೋದನ್ನ ಮರ್ತೆ."

ಅವನು ಗಂಭೀರವಾಗಿ ಸೊಂಟ ಮುಟ್ಟಿಕೊಂಡ. "ಡಾಕ್ಟ್ರು ಈ ನೋವನ್ನ ವಯಸ್ಸು ಅಂದಿದ್ರು."

"ನನಗೂ ಇವತ್ತು ಹಾಗೇ ಅನ್ನಿಸಿತ್ತು."

ಉಳಿದದ್ದು ಒಂದೇ ಪ್ರಶ್ನೆ: ಆ ಎರಡು ಕಿಲೋ ಎಲ್ಲಿ ಕಟ್ಟುವುದು. ಸೊಂಟಕ್ಕೆ ಕಟ್ಟಿದರೆ ಕಾಲು ಜೋಲುತ್ತದೆ, ಕಾಲು ಜೋತರೆ ಹವಳ ಮುರಿಯುತ್ತದೆ. ಮೇಲೆ, ಭುಜದ ಹತ್ತಿರ, ಸಿಲಿಂಡರಿನ ಪಟ್ಟಿಗೆ ಹಾಕಬೇಕು. ಹಗ್ಗ ಏನಾದರೂ ಇದೆಯೇ ಎಂದು ಚೀಲವನ್ನು ಪೂರ್ತಿ ಬರಿದು ಮಾಡಿದೆ. ತಳದಲ್ಲಿ, ಕಾಲುಚೀಲಗಳ ಕೆಳಗೆ, ಗಟ್ಟಿ ಬಟ್ಟೆಯ ಎರಡು ಪುಟ್ಟ ಜೇಬುಗಳಿದ್ದವು. ಸಿಲಿಂಡರಿನ ಪಟ್ಟಿಗೆ ಪೋಣಿಸುವಂಥವು, ಒಂದೊಂದರಲ್ಲಿ ಒಂದು ಕಿಲೋದ ಸೀಸದ ತುಂಡು ಸರಿಯಾಗಿ ಕೂರುವಂಥವು. ಅವನ್ನು ನಾನು ಕೇಳಿರಲಿಲ್ಲ. ಮನೋಲಿ ತೂಕಕ್ಕೆ ಮುಂಚೆಯೇ ಒಳಗೆ ಹಾಕಿದ್ದ. ಊರಿಗೆ ಮರಳಿದ ಮೇಲೆ ಕೇಳಿದ್ದಕ್ಕೆ, "ದ್ವೀಪಕ್ಕೆ ಹೋಗೋರಿಗೆಲ್ಲ ಇಡ್ತೀನಿ ಮಿಸ್, ಯಾಕೆ ಅಂತ ಹೇಳೋಕೆ ಮರೆತೆ," ಎಂದು ಕಿವಿ ತುರಿಸಿಕೊಂಡ. ಹೋಂವರ್ಕ್ ಮರೆತಾಗಲೂ ಹೀಗೇ ತುರಿಸಿಕೊಳ್ಳುತ್ತಿದ್ದ.

ಬೆಳಿಗ್ಗೆ ಸಮುದ್ರ ಎಣ್ಣೆ ಸವರಿದ ಹಾಗಿತ್ತು. ದೋಣಿಯಲ್ಲಿ ಬ್ರಿಯೋನಿ ನನ್ನ ಸಾಮಾನನ್ನು ಸುತ್ತಲೂ ನೋಡಿದಳು. ಮೇಲಿನ ಪಟ್ಟಿಯ ಜೇಬುಗಳನ್ನು ಮುಟ್ಟಿದಳು, ಸಿಲಿಂಡರಿಗೆ ಬೆರಳಿನಿಂದ ತಟ್ಟಿದಳು. ಅವಳ ಮುಖ ಬದಲಾಯಿತು.

"ಅಯ್ಯೋ, ನೀವೆಲ್ಲ ಉಕ್ಕಿನದು ಹೊತ್ತು ಅಭ್ಯಾಸ ಆದವರು. ನಾನು ಈ ಅಲ್ಯೂಮಿನಿಯಂ ಮೇಲೇ ಕಲ್ತವಳು, ನನಗೆ ಹೊಳೀಲೇ ಇಲ್ಲ. ನಾನು ಮೊದಲೇ ಹೇಳ್ಬೇಕಿತ್ತು."

"ನಾನು ಮೊದಲೇ ಕೇಳ್ಬೇಕಿತ್ತು. ಗಡಿಯಾರ ನೋಡ್ಕೊ."

"ರೆಕ್ಕೆ ಚಿಕ್ಕದೇ ಇರ್ಲಾ?"

"ಚಿಕ್ಕದೇ ಇರ್ಲಿ."

ಇಳಿದೆ. ಸುತ್ತಿದೆ. ಸಿಲಿಂಡರಿನ ಗಾಳಿ ತೋರಿಸುವ ಮುಳ್ಳು ಕೆಳಗೆ ಬಂದ ಮೇಲೆ ಐದು ಮೀಟರಿಗೆ ಏರಿದೆ. ಅಲ್ಲಿ ದಿಬ್ಬದ ನೆತ್ತಿಯಲ್ಲಿ ಸಂಗೀತದ ಟೀಚರ್ ಎಂದು ನಾನು ಕರೆಯುವ ಚಿಪ್ಪು ಬಾಯಿ ತೆರೆದು ಕೂತಿತ್ತು. ನೀಲಿಯ ಮೇಲೆ ಹಸಿರು ಚುಕ್ಕೆಗಳ ಅಗಲವಾದ ತುಟಿ. ಒಂದು ನೆರಳು ಅಲ್ಲಾಡಿದರೆ ಸಾಕು, ಈ ಜೀವಿಗಳು ಬಾಯಿ ಮುಚ್ಚಿಬಿಡುತ್ತವೆ. ಬ್ರಿಯೋನಿಯ ಗಡಿಯಾರಕ್ಕಿಂತ ಇದೇ ಸರಿಯಾದ ಪರೀಕ್ಷೆ ಎನಿಸಿತು. ನಾನು ಅದರ ಮುಂದೆ, ಒಂದು ಮೊಳ ದೂರದಲ್ಲಿ ಮಲಗಿದ ಹಾಗೆ ನಿಂತು ಕೈ ಕಟ್ಟಿದೆ.

ಮೊದಲ ನಿಮಿಷ ಭಯದಲ್ಲಿ ಕಳೆಯಿತು. ನಲವತ್ತನೆಯ ಸೆಕೆಂಡಿಗಾಗಿ ಕಾದೆ. ಅದು ಬಂತು, ಹೋಯಿತು, ನಾನು ಅಲ್ಲೇ ಇದ್ದೆ. ಎರಡನೆಯ ನಿಮಿಷದಲ್ಲಿ ಉಸಿರೆಳೆದಾಗ ಒಂದು ಬೆರಳಿನಷ್ಟು ಏರುತ್ತೇನೆ, ಬಿಟ್ಟಾಗ ಒಂದು ಬೆರಳಿನಷ್ಟು ಇಳಿಯುತ್ತೇನೆ ಎಂಬುದು ತಿಳಿಯಿತು. ಬೆನ್ನ ಮೇಲಿನ ರೆಕ್ಕೆ ಬಹುಪಾಲು ಖಾಲಿಯಿತ್ತು, ಹೊರಳಲು ಅದರಲ್ಲಿ ಏನೂ ಇರಲಿಲ್ಲ. ಮೂರನೆಯ ನಿಮಿಷದಲ್ಲಿ ನಾನು ಬರ್ನೆಟ್ ನದಿಯಲ್ಲಿದ್ದೆ, ಗದ್ದ ನೀರಿಗೆ ತಾಗಿತ್ತು, ಅಪ್ಪ ವಾಲ್ವಿನಿಂದ ಹೆಬ್ಬೆರಳು ತೆಗೆದಿದ್ದರು. ಸಂಗೀತದ ಟೀಚರ್ ಬಾಯಿ ಮುಚ್ಚಲಿಲ್ಲ.

ಬ್ರಿಯೋನಿ ಗಡಿಯಾರವನ್ನು ನನ್ನ ಕಣ್ಣ ಮುಂದೆ ಹಿಡಿದಳು. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ನಿಲ್ಲಿಸಲು ಅವಳಿಗೇ ಮನಸ್ಸು ಬಂದಿರಲಿಲ್ಲ. ಆಮೇಲೆ ತನ್ನ ಸೊಂಟದಿಂದ ಬರೆಯುವ ಹಲಗೆಯನ್ನು ಬಿಚ್ಚಿ, ಪೆನ್ಸಿಲ್ಲಿನ ಸಮೇತ ನನ್ನ ಕೈಗೆ ಕೊಟ್ಟಳು.

ಎಣಿಕೆ ನಾಲ್ಕು ದಿನ ನಡೆಯಿತು. ಹಿಂದಿನ ವರ್ಷ ನೂರ ಎಂಬತ್ತೇಳಿದ್ದವು. ಈ ಸಲ ಹಳಬರಲ್ಲಿ ಮೂವರು ಇರಲಿಲ್ಲ, ಅವರಲ್ಲಿ ಹಳೆಯ ಹೆಡ್‌ಮಾಸ್ಟರೂ ಒಬ್ಬರು. ಖಾಲಿ ಚಿಪ್ಪಿನ ಪಕ್ಕದಲ್ಲಿ ಒಂದಷ್ಟು ಹೊತ್ತು ನಿಂತೆ. ಹನ್ನೊಂದು ವರ್ಷಗಳಿಂದ ಹೀಗೇ, ಪ್ರತಿ ವರ್ಷ ಎರಡು ಮೂರು ಕಡಿಮೆ. ಹೊಸದು ಒಂದೂ ಇಲ್ಲ. ಪಟ್ಟಿಯ ಕೊನೆಯಲ್ಲಿ 'ಮರಿಗಳು' ಎಂಬ ಸಾಲಿಗೆ ಸೊನ್ನೆ ಬರೆದು ಬರೆದು ನನ್ನ ಕೈಗೆ ಅಭ್ಯಾಸವಾಗಿಬಿಟ್ಟಿತ್ತು.

ನಾವು ಎಣಿಸುವ ದಿಬ್ಬದ ತುದಿಯಲ್ಲಿ ಕವಲೊಡೆದ ಹವಳದ ಪೊದೆಯೊಂದಿದೆ; ಕೊನೆಯ ದಿನ ಅಲ್ಲಿಗೆ ಬಂದೆವು. ಹಳೆಯ ಜಾಕೆಟ್ಟಿನಲ್ಲಿ ನಾನು ಅದರ ಹತ್ತಿರ ಸುಳಿಯುತ್ತಿರಲಿಲ್ಲ, ಮುರಿಯುವ ಹೆದರಿಕೆ. ಈ ಸಲ ತಲೆ ಕೆಳಗೆ ಮಾಡಿ, ಕಾಲು ಮೇಲೆತ್ತಿ, ಮುಖವಾಡ ಹವಳದಿಂದ ಗೇಣು ದೂರದಲ್ಲಿರುವಂತೆ ನಿಂತು, ಅದರ ಸಂದಿಗಳೊಳಗೆ ನೋಡಿದೆ. ಕತ್ತಲಲ್ಲಿ ಏನೋ ಹೊಳೆದ ಹಾಗಾಯಿತು. ಕದಲದೆ ಕಾದೆ. ಹೆಬ್ಬೆರಳಿನ ಉಗುರಿನಷ್ಟು ಒಂದು ಬಾಯಿ ನಿಧಾನವಾಗಿ ತೆರೆಯಿತು. ಒಳಗೆ ಇಷ್ಟೇ ಇಷ್ಟು ನೀಲಿ.

ಅದರ ಪಕ್ಕದಲ್ಲಿ ಇನ್ನೊಂದು. ಮೇಲಿನ ಸಂದಿಯಲ್ಲಿ ಎರಡು.

ಡಾರ್ಸಿಯ ತೋಳು ಹಿಡಿದು ಎಳೆದೆ. ಅವನೂ ನೋಡಿದ. ಅವನ ಗಾಳಿ ಗುಳ್ಳೆಗಳಾಗಿ ಭರ್ರನೆ ಹೊರಬಂತು, ನಗುತ್ತಿದ್ದನೋ ಅಳುತ್ತಿದ್ದನೋ ನೀರಿನೊಳಗೆ ಗೊತ್ತಾಗುವುದಿಲ್ಲ. ಆ ಗುಳ್ಳೆಗಳಿಗೆ ಮರಿಗಳೆಲ್ಲ ಪಟಪಟನೆ ಬಾಯಿ ಮುಚ್ಚಿಕೊಂಡವು. ಅವನಿಗೆ ದೂರ ಹೋಗೆಂದು ಸನ್ನೆ ಮಾಡಿ ಮತ್ತೆ ಕಾದೆ. ಬ್ರಿಯೋನಿ ಬಂದು ನನ್ನ ಹಿಂದೆ ನಿಂತಳು. ಅವಳ ಗಾಳಿ ಮುಗಿಯುತ್ತ ಬಂದಿತ್ತು. ಮೇಲೆ ಹೋಗುತ್ತೇನೆ, ಡಾರ್ಸಿ ನಿಮ್ಮ ಜೊತೆಗಿರಲಿ ಎಂದು ಸನ್ನೆ ಮಾಡಿ ಏರಿದಳು. ಮೊದಲಿಂದಲೂ ನಾನು ಗಾಳಿಯನ್ನು ಕಡಿಮೆ ಬಳಸುವವಳು, ಈಗ ಹಗುರವಾದ ಮೇಲೆ ಇನ್ನೂ ಕಡಿಮೆ. ಒಂದೊಂದೇ ಸಂದಿ ನೋಡಿದೆ, ಒಂದೊಂದನ್ನೂ ಎರಡು ಸಲ ಎಣಿಸಿದೆ. ಹನ್ನೊಂದು. ಪೆನ್ಸಿಲ್ಲಿನಿಂದ ಆ ಸಾಲಿನಲ್ಲಿ ಹನ್ನೊಂದು ಎಂದು ಬರೆಯುವಾಗಲೂ ನನ್ನ ಮೈ ಅಲ್ಲೇ ನಿಂತಿತ್ತು.

ದೋಣಿಗೆ ಹತ್ತುವಾಗ ಡಾರ್ಸಿ ಏಣಿಯ ಬಳಿ ನನ್ನನ್ನು ತಡೆದು, ನನಗಿಂತ ಮೊದಲು ತಾನೇ ಹತ್ತಿದ. ಅವನು ಯಾವಾಗಲೂ ನನ್ನನ್ನು ಮುಂದೆ ಬಿಡುವವನು. ಯಾಕೆಂದು ನನಗೆ ಊಟದ ಹೊತ್ತಿಗೆ ಹೊಳೆಯಿತು.

ಹಲಗೆ ಕೈಯಿಂದ ಕೈಗೆ ಹೋಯಿತು. ಬ್ರಿಯೋನಿ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ದಡದವರೆಗೂ ಕೂತಿದ್ದಳು. ದಡ ಹತ್ತಿರ ಬಂದಾಗ ಕೇಳಿದಳು, "ಇವಕ್ಕೂ ಹೆಸರಿಡ್ತೀರಾ?"

"ಮೇಷ್ಟ್ರುಗಳು ಮುಗಿದ್ರು. ಇನ್ನು ಮಕ್ಕಳ ಹೆಸರು. ಮೊದಲನೇದು ಮನೋಲಿ, ಕೊನೇ ಬೆಂಚಿನ ಕತ್ತಲಲ್ಲಿ ಕೂತಿರೋನು."

"ನನ್ನ ಹೆಸರು?" ಎಂದ ಡಾರ್ಸಿ.

"ಭಾರ ಕಡಿಮೆ ಮಾಡ್ಕೊ, ನೋಡೋಣ."

ಅಡುಗೆಮನೆಯಲ್ಲಿ ಅಂದು ಬ್ರಿಯೋನಿಯ ಸರದಿ. ಕುರಿಮಾಂಸದ ಸ್ಟ್ಯೂ ಕುದಿಯುತ್ತಿತ್ತು. ಉಳಿದವರು ಬೆಂಚುಗಳ ಮೇಲೆ ಕೂತು ಕಾಯುತ್ತಿದ್ದರು, ಯಾರೂ ತಟ್ಟೆಯ ಕಡೆ ಕೈ ಚಾಚಲಿಲ್ಲ. ನಾನು ಒದ್ದೆ ರೆಕ್ಕೆಯನ್ನು ತೊಳೆದು, ಬಿಸಿಲಿಗೆ ಮೊಳೆಗೆ ನೇತುಹಾಕಿ, ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದೆ. ಬ್ರಿಯೋನಿ ಮೊದಲ ತಟ್ಟೆ ತೆಗೆದು ಬಡಿಸಿದಳು. ಸುಟ್ಟ ಕುಂಬಳಕಾಯಿಯ ಎರಡು ಹೋಳು ಇಟ್ಟಳು. ಬ್ರೆಡ್ಡನ್ನು ಅತ್ತಿತ್ತ ತಿರುಗಿಸಿ, ನನಗೆ ಇಷ್ಟವಾದ ತುದಿಯ ಗಟ್ಟಿ ತುಂಡನ್ನೇ ಕೊಯ್ದು, ದಪ್ಪಗೆ ಬೆಣ್ಣೆ ಹಚ್ಚಿದಳು. ಅದು ನನಗೆ ಇಷ್ಟವೆಂದು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಎಲ್ಲರ ಮುಂದೆ, ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕೈಗೆ ಕೊಟ್ಟಳು.